ಬೆಳಿಗ್ಗೆ ಮಾತ್ರ ನಿಧಾನ: ಉಡುಪಿಯ ಡಿಟಿಪಿ ಅಂಗಡಿಯಲ್ಲೊಂದು ಬ್ಯಾಕಪ್ ರಿಪೇರಿ

ರಥಬೀದಿಗೆ ಹತ್ತಿರದ ಒಂದು ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ನೇಮೋತ್ಸವ, ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಗಳು, ಬಯಲಾಟದ ಹ್ಯಾಂಡ್‌ಬಿಲ್, ಉತ್ತರಕ್ರಿಯೆಯ (ಇಲ್ಲಿಯ ಮಾತಲ್ಲಿ ಬೊಜ್ಜದ) ಕಾರ್ಡು, ಎಲ್ಲವೂ ಇಲ್ಲಿ ಆಗುತ್ತದೆ. ಕಂಪ್ಯೂಟರ್ ಅಸೆಂಬಲ್ ಮಾಡಿಸಿದ್ದು. ಎಂಟನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತಲ್ಲ, ಆ ಹೊತ್ತಿಗೆ ವಿಂಡೋಸ್ 11ಕ್ಕೆ ಬದಲಾಯಿಸಿದ್ದರು. ಪಕ್ಕದಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸದಾ ಚುಚ್ಚಿಯೇ ಇರುತ್ತದೆ. ಬ್ಯಾಕಪ್, ಅಂದರೆ ಫೈಲ್‌ಗಳ ಕಾಪಿಟ್ಟ ನಕಲು, ಹೋಗುವುದು ಅದಕ್ಕೆ.

ರಿಪೇರಿಗೆಂದು ನನ್ನನ್ನು ಕರೆದಿದ್ದರು. ದೂರು ಇಷ್ಟು. ಬೆಳಿಗ್ಗೆ ಬಟನ್ ಒತ್ತಿದರೆ ಡೆಸ್ಕ್‌ಟಾಪ್ ಹೇಗೋ ಬರುತ್ತದೆ, ಆದರೆ ಕೆಲಸಕ್ಕೆ ಸಿಗುವುದಿಲ್ಲ. ಕಾರ್ಡು ವಿನ್ಯಾಸ ಮಾಡುವ ಕೋರಲ್‌ಡ್ರಾ ಮೇಲೆ ಕ್ಲಿಕ್ ಮಾಡಿದರೆ ನೀಲಿ ಉಂಗುರ ತಿರುಗುತ್ತಲೇ ಇರುತ್ತದೆ. ಫೋಲ್ಡರ್ ತೆರೆದರೆ ಒಳಗೆ ಏನೂ ಕಾಣುವುದಿಲ್ಲ. ಹದಿನೈದು ನಿಮಿಷ ಹೀಗೇ. ಕೆಲವು ದಿನ ಅದಕ್ಕಿಂತಲೂ ಜಾಸ್ತಿ.

"ಬೊಜ್ಜದ ಕಾರ್ಡಿಗೆ ಜನ ಬೆಳಿಗ್ಗೆಯೇ ಬಂದು ನಿಂತಿರ್ತಾರೆ. ಅವರಿಗೆ ಅವತ್ತೇ ಆಗ್ಬೇಕು. ಕಂಪ್ಯೂಟರ್ ತಿರುಗ್ತಾ ಉಂಟು, ಕೂತ್ಕೊಳ್ಳಿ ಅಂತ ಎಷ್ಟು ಸಲ ಹೇಳುದು ಮಾರಾಯ್ರೆ?" ಎಂದರು ಅಂಗಡಿಯ ಅಕ್ಕ. ಯಾರೋ ಫಾರ್ಮ್ಯಾಟ್ ಮಾಡಿ ಎಂದಿದ್ದರಂತೆ. ಇನ್ಯಾರೋ ಬ್ಯಾಕಪ್ ಸಾಫ್ಟ್‌ವೇರ್ ಕಿತ್ತು ಹಾಕಿ, ಎಲ್ಲ ಸರಿಯಾಗುತ್ತದೆ ಎಂದಿದ್ದರಂತೆ. ಎರಡನೇ ಸಲಹೆ ಕೊಟ್ಟವರು ಕಾರಣವನ್ನು ಸರಿಯಾಗಿಯೇ ಊಹಿಸಿದ್ದರು. ಆದರೆ ಆ ಮದ್ದು ರೋಗಕ್ಕಿಂತ ಕೆಟ್ಟದ್ದು. ಆ ಡಿಸ್ಕಿನಲ್ಲಿ ವರ್ಷಗಟ್ಟಲೆಯ ಆಮಂತ್ರಣಗಳಿವೆ. ಹೋದ ವರ್ಷದ ನೇಮದ ಪತ್ರಿಕೆಯನ್ನೇ ತೆಗೆದು, ತಾರೀಕು ಬದಲಿಸಿ, ಸಮಿತಿಯ ಹೆಸರು ತಿದ್ದಿ ಕೊಡುವುದು ಅಂಗಡಿಯ ಅರ್ಧ ವ್ಯಾಪಾರ. ಬ್ಯಾಕಪ್ ತೆಗೆದು ಹಾಕಿ ವೇಗ ತರುವ ಕೆಲಸ ನಾನು ಮಾಡುವುದಿಲ್ಲ ಎಂದು ಮೊದಲೇ ಹೇಳಿದೆ. ಬ್ಯಾಕಪ್ಪೂ ಇರಬೇಕು, ಬೆಳಿಗ್ಗೆ ಕಾರ್ಡೂ ಆಗಬೇಕು.

ಮೊದಲು ಕೇಳಿ ತಿಳಿದದ್ದು

ಸ್ಕ್ರೂಡ್ರೈವರ್ ತೆಗೆಯುವ ಮೊದಲು ಒಂದಿಷ್ಟು ಪ್ರಶ್ನೆ ಕೇಳಿದೆ. ಅದರಿಂದಲೇ ಅರ್ಧ ದಾರಿ ಸಾಗಿತು. ಮಧ್ಯಾಹ್ನ ರೀಸ್ಟಾರ್ಟ್ ಮಾಡಿದರೆ ಹೇಗೆ? "ಆಗ ಪರವಾಗಿಲ್ಲ, ಬೇಗ ಬರ್ತದೆ." ಯಾವ ದಿನ ತುಂಬ ಕಷ್ಟ? "ಸೋಮವಾರ. ಸೋಮವಾರ ಹತ್ತೂವರೆವರೆಗೆ ಆಸೆಯೇ ಬಿಡ್ಬೇಕು." ಬೇರೆ ಯಾವಾಗ? "ಕರೆಂಟ್ ಹೋಗಿ ಬಂದ ಮೇಲೆ."

ಈ ಮೂರು ಉತ್ತರ ಒಟ್ಟಿಗೆ ಇಟ್ಟು ನೋಡಿ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದೆ. ಶಟ್‌ಡೌನ್ ಕೊಟ್ಟಾಗ ವಿಂಡೋಸ್ ತನ್ನ ಒಳಗಿನ ಭಾಗವನ್ನು ಡಿಸ್ಕಿಗೆ ಬರೆದಿಟ್ಟುಕೊಂಡು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಮೊದಲಿನಿಂದ ಶುರು. ಅಂದರೆ ನ್ಯಾಯವಾಗಿ ಬೆಳಿಗ್ಗೆ ಆನ್ ಮಾಡುವುದು ಬೇಗ ಆಗಬೇಕು, ರೀಸ್ಟಾರ್ಟ್ ತಡವಾಗಬೇಕು. ಇಲ್ಲಿ ಉಲ್ಟಾ ಇದೆ. ಹಾಗಾದರೆ ತೊಂದರೆ ಆನ್ ಆಗುವುದರಲ್ಲಿ ಇಲ್ಲ. ದಿನಕ್ಕೊಂದು ಸಲ, ಮೊದಲ ಬಾರಿ ಆನ್ ಆದಾಗ ನಡೆಯುವ ಯಾವುದೋ ಕೆಲಸದಲ್ಲಿ ಇದೆ. ಆ ಕೆಲಸ ಸೋಮವಾರ ದೊಡ್ಡದಾಗುತ್ತದೆ, ಕರೆಂಟ್ ಹೋದ ಮೇಲೂ ದೊಡ್ಡದಾಗುತ್ತದೆ.

ಅಳತೆ ಒಂದೇ ರೀತಿ ಇರಲಿ ಎಂದು ಪರೀಕ್ಷೆ ಮುಗಿಯುವವರೆಗೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಟ್ಟೆ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಸಮಯವನ್ನು ಮೂರು ತುಂಡು ಮಾಡಿ ಬರೆದುಕೊಂಡೆ. ಬಟನ್ ಒತ್ತಿದ್ದರಿಂದ ವಿಂಡೋಸ್ ಚಿಹ್ನೆ ಬರುವವರೆಗೆ ಒಂದು, ಅಲ್ಲಿಂದ ಡೆಸ್ಕ್‌ಟಾಪ್ ಕಾಣುವವರೆಗೆ ಇನ್ನೊಂದು, ಅಲ್ಲಿಂದ ಕೋರಲ್‌ಡ್ರಾದಲ್ಲಿ ಒಂದು ಫೈಲ್ ನಿಜವಾಗಿ ತೆರೆಯುವವರೆಗೆ ಮೂರನೆಯದು. ಸುಮ್ನೆ "ಸ್ಲೋ" ಅಂದರೆ ಏನೂ ಗೊತ್ತಾಗುವುದಿಲ್ಲ. ಯಾವ ತುಂಡು ಸ್ಲೋ ಎಂಬುದು ಗೊತ್ತಾಗಬೇಕು. ಬಂದ ಲೆಕ್ಕ: 38 ಸೆಕೆಂಡ್, 1 ನಿಮಿಷ 50 ಸೆಕೆಂಡ್, 14 ನಿಮಿಷ.

ಮೊದಲ ತುಂಡು ಸುಲಭದ್ದು. ವಿಂಡೋಸ್‌ಗೂ ಮೊದಲು ಓಡಿ ಕಂಪ್ಯೂಟರನ್ನು ಸಿದ್ಧ ಮಾಡುವ ಬಯೋಸ್‌ಗೆ 38 ಸೆಕೆಂಡ್ ಜಾಸ್ತಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ಕೊನೆಯ ಬಯೋಸ್ ಸಮಯ ಎಷ್ಟು ಎಂದು ತೋರಿಸುತ್ತದೆ, ಅದೂ ಇದಕ್ಕೆ ತಾಳೆ ಆಯಿತು. ಎಕ್ಸ್‌ಟರ್ನಲ್ ಡಿಸ್ಕ್ ಕಿತ್ತು ಆನ್ ಮಾಡಿದರೆ 13 ಸೆಕೆಂಡ್. ಯಾವ ಡಿಸ್ಕಿನಿಂದ ಶುರು ಮಾಡಬೇಕು ಎಂಬ ಪಟ್ಟಿಯಲ್ಲಿ, ಅಂದರೆ ಬೂಟ್ ಆರ್ಡರ್‌ನಲ್ಲಿ, ಯುಎಸ್‌ಬಿ ಮೊದಲು ಇತ್ತು. ಮಲಗಿದ್ದ ಡಿಸ್ಕ್ ಎದ್ದು ತಿರುಗಿ, ಅದರಲ್ಲಿ ಬೂಟ್ ಆಗುವಂಥದ್ದು ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಬಯೋಸ್ ಮುಂದೆ ಹೋಗುತ್ತಿತ್ತು. ಒಳಗಿನ ಡಿಸ್ಕನ್ನು ಮೊದಲ ಸ್ಥಾನಕ್ಕೆ ತಂದೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಡಿಸ್ಕ್ ಆರೋಗ್ಯವಾಗಿದೆಯೇ

ಮುಂದೆ ಹೋಗುವ ಮೊದಲು ಇದನ್ನು ನೋಡಲೇಬೇಕು. ಸಾಯುತ್ತಿರುವ ಹಾರ್ಡ್ ಡಿಸ್ಕ್ ಕೂಡ ಮೊದಲು ನಿಧಾನವಾಗುವುದರಿಂದಲೇ ಸೂಚನೆ ಕೊಡುತ್ತದೆ. ಅಂಥ ಡಿಸ್ಕ್ ಮೇಲೆ ಪರೀಕ್ಷೆ ಮಾಡುತ್ತಾ ಕೂರಬಾರದು, ಮೊದಲು ಡೇಟಾ ಹೊರಗೆ ತೆಗೆಯಬೇಕು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಮುಖ್ಯವಾಗಿ ಮೂರು ಸಾಲು ನೋಡಿದೆ. 05 ಎಂಬುದು ಕೆಟ್ಟ ಜಾಗಕ್ಕೆ ಬದಲಿ ಜಾಗ ಕೊಟ್ಟ ಲೆಕ್ಕ. ಸಿ5 ಎಂದರೆ ಓದಲಿಕ್ಕಾಗದೆ ತೀರ್ಮಾನಕ್ಕೆ ಕಾದಿರುವ ಜಾಗ. ಸಿ6 ಎಂದರೆ ಸರಿಪಡಿಸಲು ಆಗದೇ ಹೋದದ್ದು. ಮೂರೂ ಸೊನ್ನೆ.

ಕರಾವಳಿಯಲ್ಲಿ ಇನ್ನೊಂದು ಸಾಲನ್ನೂ ನೋಡಬೇಕು: ಸಿ7. ಕೇಬಲ್‌ನಲ್ಲಿ ಡೇಟಾ ಹಾಳಾಗಿ ಮತ್ತೆ ಕಳಿಸಬೇಕಾದ ಲೆಕ್ಕ ಅದು. ಉಪ್ಪಿನ ಗಾಳಿ, ತೇವ, ಎರಡೂ ಸೇರಿ ಇಲ್ಲಿ ಕನೆಕ್ಟರ್‌ಗಳು ಮಂಕಾಗುತ್ತವೆ. ಮಲ್ಪೆ ಕಡೆಯ ಮಷೀನ್‌ಗಳಲ್ಲಿ ಇದನ್ನು ತುಂಬ ನೋಡಿದ್ದೇನೆ. ಸಿ7 ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಮೊದಲು ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ. ಇಲ್ಲಿ ಅದು ಏರುತ್ತಿರಲಿಲ್ಲ. ಆದರೂ ಕ್ಯಾಬಿನೆಟ್ ತೆರೆದದ್ದಕ್ಕೆ ಧೂಳು ಹೊಡೆದು, ಕೇಬಲ್ ಕಳಚಿ ಮತ್ತೆ ಗಟ್ಟಿಯಾಗಿ ಕೂರಿಸಿದೆ.

ಯಾರು ಹಿಡಿದುಕೊಂಡಿದ್ದಾರೆ

ಈಗ ಆ 14 ನಿಮಿಷ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ಕೂತೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಹತ್ತು ಪರ್ಸೆಂಟ್ ಸುತ್ತಮುತ್ತ, ರ‍್ಯಾಮ್ ಅರ್ಧ, ಡಿಸ್ಕ್ ಮಾತ್ರ ನೂರು ಪರ್ಸೆಂಟಿಗೆ ಅಂಟಿಕೊಂಡಿದೆ.

ಇಲ್ಲಿ ಹೆಚ್ಚಿನವರು ದಾರಿ ತಪ್ಪುತ್ತಾರೆ. ಸ್ಟಾರ್ಟಪ್ ಆ್ಯಪ್ಸ್ ಪುಟಕ್ಕೆ ಹೋಗಿ ಬ್ಯಾಕಪ್ ಸಾಫ್ಟ್‌ವೇರ್‌ನ ಸಾಲು ನೋಡುತ್ತಾರೆ. ಅದರ ಪಕ್ಕ ಪರಿಣಾಮ "ಕಡಿಮೆ" ಎಂದು ಬರೆದಿರುತ್ತದೆ. ಇದಲ್ಲ ಬಿಡಿ ಎಂದು ಮುಂದೆ ಹೋಗುತ್ತಾರೆ. ಆದರೆ ಆ ಸಾಲು ಬ್ಯಾಕಪ್‌ನದ್ದಲ್ಲ. ಗಡಿಯಾರದ ಪಕ್ಕ ಕೂರುವ ಸಣ್ಣ ಐಕಾನ್‌ನದ್ದು ಅಷ್ಟೆ. ನಿಜವಾದ ಬ್ಯಾಕಪ್ ನಡೆಸುವುದು ಹಿಂದೆ ಓಡುವ ಸರ್ವಿಸ್. ಸರ್ವಿಸ್‌ಗಳು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಐಕಾನ್ ಆಫ್ ಮಾಡಿದರೆ ಬ್ಯಾಕಪ್ ಕಣ್ಣಿಗೆ ಕಾಣುವುದಿಲ್ಲ, ಆದರೆ ನಡೆಯುತ್ತಲೇ ಇರುತ್ತದೆ.

ಹಾಗಾಗಿ, ಡಿಸ್ಕನ್ನು ಯಾರು ಬಳಸುತ್ತಿದ್ದಾರೆ ಎಂದು ತೋರಿಸುವ ರಿಸೋರ್ಸ್ ಮಾನಿಟರ್‌ಗೆ ಹೋದೆ. ಸ್ಟಾರ್ಟ್‌ನಲ್ಲಿ ರೆಸ್‌ಮಾನ್ (resmon) ಎಂದು ಟೈಪ್ ಮಾಡಿದರೆ ಬರುತ್ತದೆ. ಡಿಸ್ಕ್ ಪುಟ ತೆರೆದು ಓದುವ ಲೆಕ್ಕದ ಪ್ರಕಾರ ಸಾಲುಗಳನ್ನು ಜೋಡಿಸಿದೆ. ಮೇಲೆಯೇ ಬ್ಯಾಕಪ್ ಎಂಜಿನ್. ಅದು ಓದುತ್ತಿದ್ದ ಫೈಲ್‌ಗಳ ವಿಳಾಸದಲ್ಲಿ ಸಿ, ಡಿ ಎಂಬ ಡ್ರೈವ್ ಅಕ್ಷರದ ಬದಲು ಶ್ಯಾಡೋ ಕಾಪಿ ಎಂಬ ಪದ ಇತ್ತು. ಇದು ಗಟ್ಟಿ ಸಾಕ್ಷಿ. ಫೈಲ್ ತೆರೆದಿದ್ದರೂ ಬ್ಯಾಕಪ್ ತೆಗೆಯಲು ಆಗಬೇಕಲ್ವಾ, ಅದಕ್ಕೆ ವಿಂಡೋಸ್ ಆ ಕ್ಷಣದ ಡಿಸ್ಕಿನ ಒಂದು ನೆರಳು ಪ್ರತಿಯನ್ನು ಕೊಡುತ್ತದೆ. ಬ್ಯಾಕಪ್ ಅದರಿಂದಲೇ ಓದುತ್ತದೆ. ಮಾಮೂಲಿ ಪ್ರೋಗ್ರಾಮ್‌ಗಳು ಅಲ್ಲಿಗೆ ಹೋಗುವುದಿಲ್ಲ. ಅದರ ಕೆಳಗಿನ ಸಾಲಲ್ಲಿ ಆ್ಯಂಟಿವೈರಸ್. ಬ್ಯಾಕಪ್ ತೆರೆಯುವ ಪ್ರತಿ ಫೈಲನ್ನೂ ಅದು ಹಿಂದೆಯೇ ತೆರೆದು ಪರೀಕ್ಷೆ ಮಾಡುತ್ತಿತ್ತು.

ಹಾರ್ಡ್ ಡಿಸ್ಕಿನ ಕಷ್ಟ ಇಲ್ಲಿ ಅರ್ಥವಾಗಬೇಕು. ಒಂದೇ ಕಡೆಯಿಂದ ಸಾಲಾಗಿ ಓದು ಎಂದರೆ ಅದು ಸೆಕೆಂಡಿಗೆ ನೂರು ಎಂಬಿಗೂ ಹೆಚ್ಚು ಕೊಡುತ್ತದೆ. ಆದರೆ ಬೇರೆ ಬೇರೆ ಜಾಗದಿಂದ ಚಿಕ್ಕ ಚಿಕ್ಕ ಚೂರು ಕೇಳಿದರೆ ಸೆಕೆಂಡಿಗೆ ನೂರರ ಆಸುಪಾಸು ಚೂರು ಮಾತ್ರ. ತುಂಬಿದ ಸಿಟಿ ಬಸ್ಸಿನ ಒಬ್ಬನೇ ಕಂಡಕ್ಟರ್‌ನ ಹಾಗೆ, ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ ನುಸುಳುವುದರಲ್ಲೇ ಅದರ ಹೊತ್ತು ಹೋಗುತ್ತದೆ. ಬೆಳಿಗ್ಗೆ ವಿಂಡೋಸ್‌ಗೆ ತನ್ನ ಕೆಲಸ, ಆ್ಯಂಟಿವೈರಸ್‌ಗೆ ಅದರದ್ದು, ಬ್ಯಾಕಪ್‌ಗೆ ತನ್ನದು, ಅದರ ನಡುವೆ ಅಕ್ಕನ ಕೋರಲ್‌ಡ್ರಾ. ಎಲ್ಲರೂ ಡಿಸ್ಕಿನ ಮೇಲೆ ಓಡಾಡಿ ಓದುವ ಒಂದೇ ಮುಳ್ಳಿಗೆ ಕಾಯುತ್ತಿದ್ದರು.

ಕಣ್ಣಿಗೆ ಕಂಡದ್ದನ್ನು ವಿಂಡೋಸ್‌ನ ದಾಖಲೆಯ ಜೊತೆ ತಾಳೆ ನೋಡುವುದು ನನ್ನ ಅಭ್ಯಾಸ. ಈವೆಂಟ್ ವ್ಯೂವರ್‌ನಲ್ಲಿ ಅಪ್ಲಿಕೇಷನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್, ಆಪರೇಷನಲ್ ಎಂಬ ದಾರಿ ಹಿಡಿದು ಹೋಗಿ. ಅಲ್ಲಿ 100ನೇ ನಂಬರಿನ ಈವೆಂಟ್ ಪ್ರತಿ ಬೂಟ್‌ನ ಸಮಯವನ್ನು ಮಿಲಿಸೆಕೆಂಡ್‌ನಲ್ಲಿ ಬರೆದಿಟ್ಟಿರುತ್ತದೆ. 101 ಎಂದರೆ ಯಾವುದೋ ಪ್ರೋಗ್ರಾಮ್ ತಡ ಮಾಡಿತು, 102 ಎಂದರೆ ಡ್ರೈವರ್ (ಸಾಧನಗಳನ್ನು ನಡೆಸುವ ಪ್ರೋಗ್ರಾಮ್), 103 ಎಂದರೆ ಸರ್ವಿಸ್. ಡೆಸ್ಕ್‌ಟಾಪ್ ಕಂಡ ಕೂಡಲೇ ವಿಂಡೋಸ್ ಬೂಟ್ ಮುಗಿಯಿತು ಎಂದು ಬರೆಯುವುದಿಲ್ಲ. ಸಿಪಿಯು, ಡಿಸ್ಕ್ ಎರಡೂ ಹೆಚ್ಚುಕಡಿಮೆ ಬಿಡುವಾಗಿ ಒಟ್ಟು ಹತ್ತು ಸೆಕೆಂಡ್ ಆಗುವವರೆಗೆ ಕಾಯುತ್ತದೆ. ಹಾಗಾಗಿ ಡೆಸ್ಕ್‌ಟಾಪ್ ಬಂದ ನಂತರದ ಒದ್ದಾಟವೂ ಅಲ್ಲಿ ಸಿಗುತ್ತದೆ. ಇಲ್ಲಿ ಸೋಮವಾರಗಳ ಸಾಲು ಎದ್ದು ಕಾಣುತ್ತಿತ್ತು. 103ರ ಕೆಳಗೆ ಬ್ಯಾಕಪ್ ಸರ್ವಿಸ್‌ನ ಹೆಸರು ಮತ್ತೆ ಮತ್ತೆ.

ಇಷ್ಟಾದರೂ ಒಂದು ಪರೀಕ್ಷೆ ಬಾಕಿ. ಸಂಜೆ ಅಂಗಡಿ ಮುಚ್ಚುವಾಗ ಬ್ಯಾಕಪ್ ಸಾಫ್ಟ್‌ವೇರ್‌ನ ವೇಳಾಪಟ್ಟಿಯನ್ನು ನಿಲ್ಲಿಸಿ, ಉಳಿದದ್ದು ಯಾವುದನ್ನೂ ಮುಟ್ಟದೆ ಬಂದೆ. ಮರುದಿನ ಬೆಳಿಗ್ಗೆ ಮೂರನೇ ತುಂಡು ಎರಡೂವರೆ ನಿಮಿಷಕ್ಕೆ ಇಳಿಯಿತು. ಮತ್ತೆ ಚಾಲೂ ಮಾಡಿದ ಮರುದಿನ ಹದಿನಾಲ್ಕಕ್ಕೆ ಏರಿತು. ಈಗ ಅನುಮಾನ ಉಳಿಯಲಿಲ್ಲ.

ರಾತ್ರಿ ಒಂದು ಗಂಟೆಯ ವೇಳಾಪಟ್ಟಿ

ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್ ತೆರೆದರೆ ಎಲ್ಲ ಬಿಡಿಸಿ ಹೇಳಿದಂತಿತ್ತು. ಪ್ರತಿದಿನ ರಾತ್ರಿ 1 ಗಂಟೆಗೆ, ಬದಲಾದ ಭಾಗದ ಬ್ಯಾಕಪ್. ಭಾನುವಾರ ರಾತ್ರಿ 1 ಗಂಟೆಗೆ ಪೂರ್ತಿ ಬ್ಯಾಕಪ್, ಮುಗಿದ ಮೇಲೆ ಅದನ್ನು ಇಡಿಯಾಗಿ ಓದಿ ಪರಿಶೀಲನೆ. ಅದರ ಕೆಳಗೆ ಒಂದು ಟಿಕ್: ಸಮಯ ತಪ್ಪಿದರೆ ಕಂಪ್ಯೂಟರ್ ಆನ್ ಆದ ಕೂಡಲೇ ಶುರು ಮಾಡು.

ರಾತ್ರಿ ಒಂದು ಗಂಟೆಗೆ ಉಡುಪಿಯ ಯಾವ ಡಿಟಿಪಿ ಅಂಗಡಿಯ ಕಂಪ್ಯೂಟರ್ ಆನ್ ಇರುತ್ತದೆ? ಎಂಟು ಗಂಟೆಗೆ ಶಟರ್ ಎಳೆಯುವಾಗ ಯುಪಿಎಸ್ ಆಫ್, ಗೋಡೆಯ ಮೇನ್ ಸ್ವಿಚ್ ಕೂಡ ಆಫ್. ಸಿಡಿಲಿನ ಕಾಲದಲ್ಲಿ ಅದು ಒಳ್ಳೆಯ ಅಭ್ಯಾಸ. ಕಂಪ್ಯೂಟರನ್ನು ನಿದ್ದೆಯಿಂದ ಎಬ್ಬಿಸಿ ಬ್ಯಾಕಪ್ ಮಾಡುವ ಆಯ್ಕೆಯೂ ಅಲ್ಲಿ ಟಿಕ್ ಆಗಿತ್ತು. ಮೇನ್ ಸ್ವಿಚ್ಚೇ ಇಲ್ಲದಿದ್ದರೆ ಎಬ್ಬಿಸುವುದು ಏನನ್ನು? ಅಂದರೆ ರಾತ್ರಿಯ ಬ್ಯಾಕಪ್ ಪ್ರತಿದಿನವೂ ತಪ್ಪುತ್ತಿತ್ತು, ಪ್ರತಿದಿನವೂ ಬೆಳಿಗ್ಗೆ ಗಿರಾಕಿ ಬರುವ ಹೊತ್ತಿಗೆ ಶುರುವಾಗುತ್ತಿತ್ತು. ಭಾನುವಾರದ ಪೂರ್ತಿ ಬ್ಯಾಕಪ್ ಸೋಮವಾರ ಬೆಳಿಗ್ಗೆಗೆ ಬಂದು ಬೀಳುತ್ತಿತ್ತು. ಮಧ್ಯಾಹ್ನದ ರೀಸ್ಟಾರ್ಟ್ ಹೊತ್ತಿಗೆ ಅವತ್ತಿನ ಬಾಕಿ ತೀರಿರುತ್ತಿತ್ತು, ಹಾಗಾಗಿ ಅದು ಬೇಗ.

ಆ ಟಿಕ್ ತಪ್ಪಲ್ಲ. ಅದಿಲ್ಲದಿದ್ದರೆ ಈ ಅಂಗಡಿಯಲ್ಲಿ ಒಂದೇ ಒಂದು ಬ್ಯಾಕಪ್ ಕೂಡ ಆಗುತ್ತಿರಲಿಲ್ಲ. ತಪ್ಪಿದ್ದು ಸಮಯದ ಆಯ್ಕೆ. ರಾತ್ರಿಯೆಲ್ಲ ಓಡುವ ಆಫೀಸ್ ಮಷೀನ್‌ಗಳಿಗೆ ಹೊಂದುವ ಸಮಯ ಅದು. ಇನ್‌ಸ್ಟಾಲ್ ಮಾಡುವಾಗ ನೆಕ್ಸ್ಟ್, ನೆಕ್ಸ್ಟ್ ಒತ್ತಿದರೆ ಅದೇ ಉಳಿದುಬಿಡುತ್ತದೆ.

ಟಾಸ್ಕ್ ಶೆಡ್ಯೂಲರ್‌ನಲ್ಲೂ ಹುಡುಕಿದೆ. ಕೆಲವು ಬ್ಯಾಕಪ್ ಸಾಫ್ಟ್‌ವೇರ್‌ಗಳು ವಿಂಡೋಸ್‌ನ ವೇಳಾಪಟ್ಟಿಯನ್ನೇ ಬಳಸುತ್ತವೆ, ಕೆಲವು ತಮ್ಮ ಸರ್ವಿಸ್‌ನೊಳಗೇ ಗಡಿಯಾರ ಇಟ್ಟುಕೊಳ್ಳುತ್ತವೆ. ಎರಡೂ ಕಡೆ ನೋಡದಿದ್ದರೆ ಕೆಲಸ ಅರ್ಧ. ನೋಡಿದ್ದು ಒಳ್ಳೆಯದಾಯಿತು. ಹಿಂದೆ ಒಂದು ಹಳೆಯ ಎಕ್ಸ್‌ಟರ್ನಲ್ ಡಿಸ್ಕಿನ ಜೊತೆ ಬಂದಿದ್ದ ಇನ್ನೊಂದು ಬ್ಯಾಕಪ್ ಪ್ರೋಗ್ರಾಮ್ ಅಲ್ಲಿ ಇನ್ನೂ ಜೀವಂತವಾಗಿತ್ತು. ಆ ಡಿಸ್ಕ್ ಅಂಗಡಿಯಲ್ಲಿ ಇಲ್ಲವೇ ಇಲ್ಲ. ಆದರೂ ಲಾಗಿನ್ ಆದ ಕೂಡಲೇ ಇದು ಎದ್ದು, ಡಿಸ್ಕನ್ನು ಹುಡುಕಿ, ಸಿಗದೆ, ಸ್ವಲ್ಪ ಹೊತ್ತಿಗೆ ಮತ್ತೆ ಹುಡುಕುತ್ತಿತ್ತು.

ಇಂಥದ್ದನ್ನು ತೆಗೆಯುವಾಗ ಒಂದು ಎಚ್ಚರಿಕೆ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಗುಂಪಿನ ಆಟೋರನ್ಸ್ ಒಳ್ಳೆಯ ಸಾಧನ. ಶುರುವಿನಲ್ಲಿ ಓಡುವ ಎಲ್ಲವನ್ನೂ, ಸರ್ವಿಸ್, ಡ್ರೈವರ್, ಟಾಸ್ಕ್ ಸಮೇತ ತೋರಿಸುತ್ತದೆ. ನೋಡಲು ಬಳಸಿ. ಆದರೆ ಬ್ಯಾಕಪ್ ಸಾಫ್ಟ್‌ವೇರ್‌ನ ಡ್ರೈವರನ್ನು ಅಲ್ಲಿಂದ ಅಳಿಸಲು ಹೋಗಬೇಡಿ. ಡಿಸ್ಕಿನ ಯಾವ ಭಾಗ ಬದಲಾಯಿತು ಎಂದು ಗಮನಿಸಲು ಇವು ಡಿಸ್ಕಿನ ದಾರಿಯಲ್ಲೇ ಒಂದು ಫಿಲ್ಟರ್ ಡ್ರೈವರ್ ಕೂರಿಸುತ್ತವೆ. ಆ ಫೈಲ್ ಹೋಗಿ, ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಅದರ ಹೆಸರು ಉಳಿದರೆ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗುವುದಿಲ್ಲ. ಬೂಟ್ ಡಿವೈಸ್ ಸಿಗುತ್ತಿಲ್ಲ ಎಂಬ ನೀಲಿ ಪರದೆ ಬಂದು ನಿಲ್ಲುತ್ತದೆ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ, ಅದರದೇ ಅನ್‌ಇನ್‌ಸ್ಟಾಲ್ ಮೂಲಕವೇ ತೆಗೆಯಬೇಕು. ಹಾಗೇ ತೆಗೆದು, ರೀಸ್ಟಾರ್ಟ್ ಮಾಡಿ, ಆಟೋರನ್ಸ್‌ನಲ್ಲಿ ಚೂರುಪಾರು ಉಳಿದಿಲ್ಲ ಎಂದು ನೋಡಿಕೊಂಡೆ.

ಕರೆಂಟ್ ಹೋದರೆ ಯಾಕೆ ಜಾಸ್ತಿ

ಅಕ್ಕನ ಮೂರನೇ ಉತ್ತರಕ್ಕೆ ಕಾರಣವೂ ಆ ಫಿಲ್ಟರ್ ಡ್ರೈವರ್‌ನಲ್ಲೇ ಇದೆ. ಬದಲಾದ ಭಾಗಗಳ ಪಟ್ಟಿಯನ್ನು ಅದು ಇಟ್ಟುಕೊಂಡಿರುತ್ತದೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆದರೆ ಪಟ್ಟಿ ಭದ್ರ. ದಿಢೀರ್ ಕರೆಂಟ್ ಹೋದರೆ ಆ ಪಟ್ಟಿ ಪೂರ್ತಿಯೋ ಅರೆಬರೆಯೋ ತಿಳಿಯದು. ಆಗ ಸಾಫ್ಟ್‌ವೇರ್ ಪಟ್ಟಿಯನ್ನು ನಂಬದೆ ಇಡೀ ಡಿಸ್ಕನ್ನು ಓದಿ ಹೋಲಿಸುತ್ತದೆ. ಅದು ಸರಿಯಾದ ನಡೆ. ಆದರೆ ಇಲ್ಲಿ ತುಂಬಿದ ಡೇಟಾ 420 ಜಿಬಿ. ಸೆಕೆಂಡಿಗೆ 120 ಎಂಬಿಯಂತೆ ಬಿಡದೆ ಓದಿದರೂ ಒಂದು ಗಂಟೆ ಹತ್ತಿರ ಬೇಕು.

ಯುಪಿಎಸ್ ಇತ್ತಲ್ಲ ಎಂದು ನೋಡಿದರೆ ಅದರ ಬ್ಯಾಟರಿ ಸತ್ತಿತ್ತು. ಪ್ಲಗ್ ಕಿತ್ತ ಕೂಡಲೇ ಎಲ್ಲ ಆಫ್. ಒಳಗಿರುವುದು ಮಾಮೂಲಿ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಹೊಸದು ತಂದು ಹಾಕಿದೆ. ಮುಂದಿರುವುದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟ್ ಕಣ್ಣು ಮಿಟುಕಿಸದ ದಿನ ಕಡಿಮೆ. ಈ ಬ್ಯಾಟರಿಯಿಂದ ಬ್ಯಾಕಪ್‌ನ ವೇಗ ಮಾತ್ರ ಅಲ್ಲ, ಬರೆಯುತ್ತಿರುವ ಕೋರಲ್ ಫೈಲ್ ಕೂಡ ಉಳಿಯುತ್ತದೆ.

ಹೊಸ ಸಮಯ, ಹೊಸ ಪೋರ್ಟ್

ಬ್ಯಾಕಪ್‌ಗೆ ಕಂಪ್ಯೂಟರ್ ಆನ್ ಇರುವ, ಆದರೆ ಯಾರೂ ಕೂರದ ಹೊತ್ತು ಬೇಕು. ಅಂಥ ಹೊತ್ತು ಈ ಅಂಗಡಿಯಲ್ಲಿ ಒಂದೇ. ಅಕ್ಕ ಊಟಕ್ಕೆ ಮನೆಗೆ ಹೋಗುವ ಒಂದೂಕಾಲರಿಂದ ಎರಡೂವರೆ. ದಿನದ ಬ್ಯಾಕಪ್‌ಗೆ ಅದು ಧಾರಾಳ. ಪೂರ್ತಿ ಬ್ಯಾಕಪ್‌ಗೆ? ಹಳೆಯ ವರದಿಯಲ್ಲಿ ಅದು ಮೂರು ಗಂಟೆಗೂ ಮಿಕ್ಕಿ ತಿನ್ನುತ್ತಿತ್ತು. ಎಕ್ಸ್‌ಟರ್ನಲ್ ಡಿಸ್ಕ್ ಯುಎಸ್‌ಬಿ 3.0ರದ್ದು, ಅಷ್ಟು ಹೊತ್ತು ಬೇಡ. ಕೇಬಲ್ ಹಿಡಿದುಕೊಂಡು ಹೋದರೆ ಅದು ಕ್ಯಾಬಿನೆಟ್‌ನ ಮುಂದಿನ ಕಪ್ಪು ಪೋರ್ಟ್‌ನಲ್ಲಿ ಇತ್ತು. ಅದು ಯುಎಸ್‌ಬಿ 2.0. ಕಾಗದದ ಮೇಲೆ 480 ಮೆಗಾಬಿಟ್, ಕೈಗೆ ಸಿಗುವುದು ಸೆಕೆಂಡಿಗೆ 35 ಎಂಬಿ ಸುಮಾರು. 420 ಜಿಬಿಗೆ ಮೂರು ಗಂಟೆ ಇಪ್ಪತ್ತು ನಿಮಿಷದ ಲೆಕ್ಕ ಸರಿಯಾಗಿ ಬಂತು. ಹಿಂಭಾಗದ ನೀಲಿ ಪೋರ್ಟ್‌ಗೆ ಬದಲಿಸಿದೆ. ಪೂರ್ತಿ ಬ್ಯಾಕಪ್ ಒಂದೂವರೆ ಗಂಟೆಗೆ ಇಳಿಯಿತು.

ಈಗಿನ ಏರ್ಪಾಡು ಹೀಗಿದೆ. ದಿನವೂ 1.20ಕ್ಕೆ ಬದಲಾದ ಭಾಗ. ಪೂರ್ತಿ ಬ್ಯಾಕಪ್ ವಾರಕ್ಕೊಮ್ಮೆ ಬೇಡ, ತಿಂಗಳ ಮೊದಲ ಶನಿವಾರ ಸಾಕು. ಉಳಿದ ಶನಿವಾರಗಳಲ್ಲಿ, ಕೊನೆಯ ಪೂರ್ತಿ ಬ್ಯಾಕಪ್‌ನಿಂದ ಈಚೆಗೆ ಬದಲಾದದ್ದೆಲ್ಲ ಒಂದೇ ಕಡೆ. ದಿನದ ತುಂಡುಗಳು ಒಂದಕ್ಕೊಂದು ಸರಪಳಿಯ ಹಾಗೆ ಅಂಟಿಕೊಂಡಿರುತ್ತವೆ. ನಡುವಿನ ಒಂದು ಹಾಳಾದರೆ ಮುಂದಿನವು ಕೆಲಸಕ್ಕೆ ಬರುವುದಿಲ್ಲ. ಶನಿವಾರದ ತುಂಡು ಇದ್ದರೆ ಆ ಸರಪಳಿ ಉದ್ದವಾಗುವುದಿಲ್ಲ. ಊಟದ ಹೊತ್ತಿಗೆ ಬ್ಯಾಕಪ್ ತಪ್ಪಿದರೆ ಮರುದಿನ ಆನ್ ಆದ 45 ನಿಮಿಷದ ಮೇಲೆ, ಕಡಿಮೆ ಆದ್ಯತೆಯಲ್ಲಿ ಓಡಲಿ ಎಂದು ಇಟ್ಟೆ. ವಿಂಡೋಸ್‌ನಲ್ಲೇ ಸರ್ವಿಸ್‌ಗಳಿಗೆ ತಡವಾಗಿ ಶುರುವಾಗುವ ಆಯ್ಕೆ ಇದೆ, ಆದರೆ ಅದು ತಡ ಮಾಡುವುದು ಸುಮಾರು ಎರಡು ನಿಮಿಷ. ಹಾರ್ಡ್ ಡಿಸ್ಕ್ ಇರುವ ಮಷೀನ್‌ಗೆ ಅದು ಸಾಲುವುದಿಲ್ಲ. ಹಾಗಾಗಿ ಬ್ಯಾಕಪ್ ಸಾಫ್ಟ್‌ವೇರ್‌ನ ಸ್ವಂತ ಸೆಟ್ಟಿಂಗ್‌ನಲ್ಲೇ ಮಾಡಿದೆ.

ಆ್ಯಂಟಿವೈರಸ್‌ಗೆ ಬ್ಯಾಕಪ್ ಎಂಜಿನ್‌ನ ಒಂದು ಫೈಲನ್ನು ಮಾತ್ರ ನಂಬು ಎಂದು ಹೇಳಿದೆ. ಇಡೀ ಡ್ರೈವ್‌ಗೆ ವಿನಾಯಿತಿ ಕೊಡುವವರಿದ್ದಾರೆ. ಪೆನ್‌ಡ್ರೈವ್ ಹಿಡಿದುಕೊಂಡು ದಿನಕ್ಕೆ ಇಷ್ಟು ಜನ ಬರುವ ಅಂಗಡಿಯಲ್ಲಿ ಅದು ಬೇಡವೇ ಬೇಡ.

ಸದಾ ಚುಚ್ಚಿಯೇ ಇರುವ ಬ್ಯಾಕಪ್ ಡಿಸ್ಕ್ ಬಗ್ಗೆಯೂ ಮಾತಾಡಿದೆವು. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಬಂದರೆ ಅದು ಈ ಡಿಸ್ಕಿಗೂ ಬೀಗ ಹಾಕುತ್ತದೆ. ಸಿಡಿಲು ಬಡಿದರೂ ಎರಡೂ ಒಟ್ಟಿಗೆ ಹೋಗುತ್ತವೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಲೆಕ್ಕ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಅಕ್ಕ ಇನ್ನೊಂದು ಡಿಸ್ಕ್ ತರಿಸಿದರು. ಶನಿವಾರ ಅದಲು ಬದಲು, ಒಂದು ಮನೆಗೆ. ಮನೆಯಲ್ಲಿ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಈಚೆಗಿನ ಹತ್ತು ವರ್ಷದ ಆಮಂತ್ರಣಗಳ ಫೋಲ್ಡರ್ ಮಾತ್ರ ಕ್ಲೌಡ್‌ಗೂ ಹೋಗುತ್ತದೆ. ಅದು ದೊಡ್ಡದಲ್ಲ.

ತೆಗೆದು ನೋಡದ ಬ್ಯಾಕಪ್

ಕೆಲಸ ಮುಗಿಸುವ ಮೊದಲು ಒಂದು ಫೈಲನ್ನು ಬ್ಯಾಕಪ್‌ನಿಂದ ಹೊರಗೆ ತೆಗೆದು ನೋಡುತ್ತೇನೆ. ಯಾವ ಅಂಗಡಿಯಲ್ಲೂ ಇದನ್ನು ಬಿಡುವುದಿಲ್ಲ. ಅಕ್ಕನನ್ನೇ ಕೇಳಿದೆ, ಯಾವುದು ಹೋದರೆ ನಿಮಗೆ ಅತಿ ಕಷ್ಟ? ಒಂದು ಬ್ರಹ್ಮಕಲಶೋತ್ಸವದ ಪುಸ್ತಕದಂಥ ಆಮಂತ್ರಣ ತೋರಿಸಿದರು. ಅದನ್ನು ಬ್ಯಾಕಪ್‌ನಿಂದ ತೆಗೆದು, ಬೇಕೆಂದೇ ಹಿಂದಿನ ಕೋಣೆಯ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದೆ. ಚಿತ್ರ, ಅಂಚು, ಬಣ್ಣ ಎಲ್ಲ ಸರಿ. ಅಕ್ಷರ ಇರಬೇಕಾದ ಕಡೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ.

"ಅಯ್ಯೋ, ಇದೆಂತ ಇದು?" ಎಂದರು ಅಕ್ಕ.

ಡಿಟಿಪಿಯವರಿಗೆ ಇದು ಗೊತ್ತಿರುವ ಕಥೆ. ಹಳೆಯ ಫೈಲ್‌ಗಳು ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಾದ ನುಡಿ, ಬರಹದ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಇವೆ. ಫೈಲ್‌ನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದನ್ನು ಕನ್ನಡವಾಗಿ ತೋರಿಸುವುದು ಆ ಫಾಂಟ್. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಆ ಆಮಂತ್ರಣವನ್ನು ಓದಲು ಆಗುವುದಿಲ್ಲ. ಬ್ಯಾಕಪ್‌ನ ಪಟ್ಟಿ ನೋಡಿದರೆ ಡಿ ಡ್ರೈವ್ ಮಾತ್ರ ಇತ್ತು. ಫಾಂಟ್‌ಗಳು ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ. ಒಳಗಿನ ಡಿಸ್ಕ್ ಸತ್ತಿದ್ದರೆ ಅಷ್ಟೂ ವರ್ಷದ ಫೈಲ್‌ಗಳು ಕೈಗೆ ಸಿಗುತ್ತಿದ್ದವು, ಓದಲಿಕ್ಕೆ ಮಾತ್ರ ಸಿಗುತ್ತಿರಲಿಲ್ಲ. ಇಡೀ ರಿಪೇರಿಯಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ, ಬೂಟ್ ಸಮಯಕ್ಕಿಂತಲೂ.

ಸಿ ಡ್ರೈವ್‌ನ ಪೂರ್ತಿ ಇಮೇಜನ್ನು, ಅಂದರೆ ಇಡೀ ಡ್ರೈವ್‌ನ ಯಥಾಪ್ರತಿಯನ್ನು, ಬ್ಯಾಕಪ್‌ಗೆ ಸೇರಿಸಿದೆ. ಅದರ ಜೊತೆಗೆ ಫಾಂಟ್‌ಗಳನ್ನು ಡಿ ಡ್ರೈವ್‌ನಲ್ಲೇ ಒಂದು ಫೋಲ್ಡರ್‌ಗೆ ನಕಲು ಮಾಡಿಟ್ಟೆ. ಈಚಿನ ವಿಂಡೋಸ್‌ನಲ್ಲಿ ಇನ್ನೊಂದು ಸಂಗತಿ ಇದೆ. ಫಾಂಟ್ ಮೇಲೆ ಸುಮ್ನೆ ಇನ್‌ಸ್ಟಾಲ್ ಒತ್ತಿದರೆ ಅದು ಆ ಒಬ್ಬ ಬಳಕೆದಾರರಿಗೆ ಮಾತ್ರ ಸೇರುತ್ತದೆ. ವಿಂಡೋಸ್‌ನ ಫಾಂಟ್ ಫೋಲ್ಡರ್‌ಗೆ ಹೋಗುವುದಿಲ್ಲ, ಬಳಕೆದಾರರ ಆ್ಯಪ್‌ಡೇಟಾದೊಳಗಿನ ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ಜಾಗದಲ್ಲಿ ಕೂರುತ್ತದೆ. ಎಲ್ಲ ಬಳಕೆದಾರರಿಗೆ ಎಂದು ಆರಿಸಿದರೆ ಮಾತ್ರ ಮುಖ್ಯ ಫೋಲ್ಡರ್. ಎರಡೂ ಕಡೆಯಿಂದ ಎತ್ತಿಕೊಂಡೆ. ಹಿಂದಿನ ಕೋಣೆಯ ಕಂಪ್ಯೂಟರ್‌ಗೆ ಅವನ್ನು ಹಾಕಿ ಅದೇ ಫೈಲ್ ಮತ್ತೆ ತೆರೆದಾಗ ದೇವಸ್ಥಾನದ ಹೆಸರು, ಶ್ಲೋಕ, ಸಮಿತಿಯವರ ಪಟ್ಟಿ ಎಲ್ಲ ಸರಿಯಾಗಿ ಬಂತು.

ಬಂದ ಫಲ

ಮುಂದಿನ ಸೋಮವಾರ ಬೆಳಿಗ್ಗೆ ಮತ್ತೆ ಸ್ಟಾಪ್‌ವಾಚ್ ಹಿಡಿದು ನೋಡಿದೆ. ಬಯೋಸ್ 13 ಸೆಕೆಂಡ್. ಡೆಸ್ಕ್‌ಟಾಪ್‌ಗೆ 1 ನಿಮಿಷ 15 ಸೆಕೆಂಡ್. ಅಲ್ಲಿಂದ ಕೋರಲ್‌ಡ್ರಾದಲ್ಲಿ ಫೈಲ್ ತೆರೆಯಲು 2 ನಿಮಿಷ 10 ಸೆಕೆಂಡ್. ಹದಿನಾರು ನಿಮಿಷ ಹೋಗಿ ನಾಲ್ಕಕ್ಕೂ ಒಳಗೆ ಬಂತು.

"ಎಸ್‌ಎಸ್‌ಡಿ ಹಾಕಿದ್ರೆ ಇದೆಲ್ಲ ಬೇಕಿತ್ತಾ?" ಎಂದು ಅಕ್ಕ ಕೇಳಿದರು. ನ್ಯಾಯವಾದ ಪ್ರಶ್ನೆ. ಎಸ್‌ಎಸ್‌ಡಿ ಎಂದರೆ ಚಿಪ್‌ಗಳಲ್ಲಿ ಬರೆದಿಡುವ ಡಿಸ್ಕ್. ಅದರಲ್ಲಿ ಓಡಾಡುವ ಮುಳ್ಳು ಇಲ್ಲ, ಚೂರು ಚೂರು ಓದುವುದು ಅದಕ್ಕೆ ಕಷ್ಟವಲ್ಲ. ಮೊದಲೇ ಹಾಕಿದ್ದರೆ ಬೆಳಗಿನ ಕಾಟ ಬಹಳ ಮಟ್ಟಿಗೆ ಕಾಣುತ್ತಿರಲಿಲ್ಲ. ಆದರೆ ಬ್ಯಾಕಪ್ ಬೆಳಿಗ್ಗೆಯೇ ಓಡುತ್ತಿತ್ತು, ಇಲ್ಲದ ಡಿಸ್ಕನ್ನು ಹಳೆಯ ಪ್ರೋಗ್ರಾಮ್ ಹುಡುಕುತ್ತಲೇ ಇರುತ್ತಿತ್ತು, ಯುಪಿಎಸ್ ಸತ್ತೇ ಇರುತ್ತಿತ್ತು. ಫಾಂಟ್‌ಗಳ ವಿಷಯ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಸ್‌ಎಸ್‌ಡಿ ಖಂಡಿತ ಹಾಕಬೇಕು, ವಿಂಡೋಸ್ 11ಕ್ಕೆ ಬರೇ ಹಾರ್ಡ್ ಡಿಸ್ಕ್ ಕಷ್ಟವೇ.

ಮದುವೆ, ನೇಮದ ಸೀಸನ್ ಮುಗಿಯಲಿ ಎಂದಿದ್ದಾರೆ. ಸಿ ಡ್ರೈವ್‌ಗೆ 500 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಸಾಕು, ಈಗಿನ ಹಾರ್ಡ್ ಡಿಸ್ಕ್ ಡಿ ಡ್ರೈವ್ ಆಗಿ ಉಳಿಯುತ್ತದೆ. ಬದಲಿಸುವ ದಿನ ತಿಂಗಳ ಮೊದಲ ಶನಿವಾರವೇ ಆಗಬೇಕು. ಅವತ್ತಿನ ಪೂರ್ತಿ ಬ್ಯಾಕಪ್ ಮುಗಿದು, ಅದರಿಂದ ಒಂದು ಫೈಲ್ ತೆಗೆದು ತೆರೆದು ನೋಡಿದ ಮೇಲೆಯೇ ಕ್ಯಾಬಿನೆಟ್ ತೆರೆಯುವುದು ಎಂದು ಮಾತಾಗಿದೆ.